ಕಿರುಬೆರಳಿನ ತೂಕ

ನಮ್ಮ ಹೋರಾಟದಲ್ಲಿ ಭಾಷಣ ಮಾಡಿದವರೆಲ್ಲ ಫೋಟೊದಲ್ಲಿದ್ದಾರೆ. ಚೋಟಕ್ಕ ಯಾವ ಫೋಟೊದಲ್ಲೂ ಇಲ್ಲ. ಅವಳು ಹಿಂದೆ ನಿಂತಿದ್ದಳು ಅಂತಲ್ಲ, ಮುಂದೆಯೇ ನಿಂತಿದ್ದಳು. ತೆಗೆದವನು ಕ್ಯಾಮೆರಾ ಎತ್ತರಕ್ಕೆ ಹಿಡಿದಿದ್ದ, ಅಷ್ಟೆ. ಒಂದೇ ಒಂದು ಚಿತ್ರದ ಕೆಳ ಅಂಚಿನಲ್ಲಿ ಯಾರದೋ ಮುಷ್ಟಿ ಕಾಣುತ್ತದೆ. ಅದು ಅವಳದು.

ಆಗ ಅವಳು ಚಿಂದಿ ಬಟ್ಟೆಯ ಗೋದಾಮಿನಲ್ಲಿ ಕೆಲಸಕ್ಕಿದ್ದಳು. ಹಳೆ ಬಟ್ಟೆ ಲಾರಿಗಟ್ಟಲೆ ಬಂದು ಬೀಳುತ್ತಿತ್ತು. ಹೆಂಗಸರು ಸಾಲಾಗಿ ಕೂತು ಗುಂಡಿ ಕಿತ್ತು, ಜಿಪ್ಪು ಕತ್ತರಿಸಿ, ಬಿಳಿಯದು ಬೇರೆ ಬಣ್ಣದ್ದು ಬೇರೆ ಮಾಡಿ ಮೂಟೆ ಕಟ್ಟಬೇಕು. ಕೂಲಿ ಕಿಲೋ ಲೆಕ್ಕದ್ದು. ಮೂಟೆಯನ್ನು ಕೊಕ್ಕೆ ತಕ್ಕಡಿಗೆ ನೇತುಹಾಕಿ ಮೇಸ್ತ್ರಿ ತೂಕ ಕೂಗುತ್ತಿದ್ದ. ತೂಕದಲ್ಲಿ ಏನೋ ಮಸಲತ್ತು ಇದೆ ಎಂದು ಎಲ್ಲರಿಗೂ ಗುಮಾನಿ. ಎಲ್ಲರೂ ಕತ್ತು ಎತ್ತಿ ಮುಳ್ಳನ್ನೇ ನೋಡುತ್ತಿದ್ದರು. ಚೋಟಕ್ಕನ ಕಣ್ಣು ಮುಳ್ಳಿನವರೆಗೆ ಹೋಗುತ್ತಿರಲಿಲ್ಲ. ಅವಳ ಕಣ್ಣಿನ ಮಟ್ಟಕ್ಕೆ ಬರುತ್ತಿದ್ದದ್ದು ಮೂಟೆಯ ತಳ. ಆ ತಳಕ್ಕೆ ಮೇಸ್ತ್ರಿ ಎರಡು ಬೆರಳು ಕೊಟ್ಟು ಮೆಲ್ಲಗೆ ಎತ್ತಿ ಹಿಡಿಯುತ್ತಿದ್ದದ್ದು ಅವಳೊಬ್ಬಳಿಗೇ ಕಂಡಿತು.

"ಮೇಸ್ತ್ರಿಗಳೇ," ಎಂದಳು ಎಲ್ಲರಿಗೂ ಕೇಳುವ ಹಾಗೆ, "ಮೂಟೆಗೆ ಕಚಗುಳಿ ಇಡ್ತಾ ಇದ್ದೀರಾ?"

"ಎರಡು ಬೆರಳಿಗೆ ಏನ್ ಮಹಾ ತೂಕ ಇರುತ್ತೆ?" ಎಂದ ಅವನು. ಕಳ್ಳ ಸಿಕ್ಕಿಬಿದ್ದಾಗ ಕದ್ದಿಲ್ಲ ಅನ್ನುವುದಿಲ್ಲ, ಇಷ್ಟೇ ತಾನೇ ಕದ್ದಿದ್ದು ಅನ್ನುತ್ತಾನೆ.

ಆ ಹೆಂಗಸರೂ ಸಂಘದ ನಾವೂ ನಲವತ್ತೊಂದು ದಿನ ಗೇಟಿನ ಮುಂದೆ ಕೂತೆವು; ನಡುವೆ ಉಪವಾಸವೂ ಆಯಿತು, ಜೈಲೂ ಆಯಿತು. "ಬೆರಳು ತೆಗಿ, ತೂಕ ಹೇಳು" ಎಂಬ ಕೂಗು ಅವಳದೇ. ದೇಹ ಚೋಟುದ್ದವಾದರೂ ಗಂಟಲು ಮಾರುದ್ದ. ಗೆದ್ದೆವು. ಬೆರಳು ಹೋಯಿತು. ಆರು ತಿಂಗಳಲ್ಲಿ ಚೋಟಕ್ಕನೂ ಹೋದಳು. ಕೆಲಸದಿಂದ ತೆಗೆಯಲು ಕಾರಣ ಹುಡುಕುವ ಕಸುಬಿನಲ್ಲಿ ಮಾಲೀಕರನ್ನು ಮೀರಿಸುವವರಿಲ್ಲ.

ಆಮೇಲೆ ಅವಳಿಗೆ ಕಸ ಗುಡಿಸುವ ಕೆಲಸ ಸಿಕ್ಕಿದ್ದು ಊರಾಚೆಯ ಒಂದು ತಗಡಿನ ಶೆಡ್ಡಿನಲ್ಲಿ. ಅದು ಗಾಡಿ ಪರೀಕ್ಷಾ ಕೇಂದ್ರ. ಅಲ್ಲಿಗೆ ಬರುತ್ತಿದ್ದದ್ದು ಮಕ್ಕಳ ಗಾಡಿಗಳು. ಆಟಿಕೆಯಲ್ಲ ಮತ್ತೆ! ನಾಲ್ಕು ದಪ್ಪ ಟೈರು, ಬೈಕಿನಂಥ ಹ್ಯಾಂಡಲ್ಲು, ನಡುವೆ ಸೀಟು, ಸೀಟಿನಡಿ ನಿಜವಾದ ಎಂಜಿನ್ನು. ರಸ್ತೆಗೆ ಇಳಿಸುವ ಹಾಗಿಲ್ಲ. ಮೈದಾನದಲ್ಲಿ, ಮಣ್ಣಿನ ದಿಬ್ಬದ ಮೇಲೆ ಓಡಿಸಬೇಕು. ಉಳ್ಳವರು ಆರೇಳು ವರ್ಷದ ಮಕ್ಕಳಿಗೆ ಇಂಥದ್ದೊಂದು ಕೊಡಿಸಿ, ಆಮೇಲೆ "ಜೋಪಾನ ಪುಟ್ಟಾ" ಎಂದು ಕೂಗುತ್ತ ಹಿಂದೆ ಓಡುತ್ತಾರೆ.

ಅಂಗಡಿಗೆ ಹೋಗುವ ಮೊದಲು ಗಾಡಿ ಇಲ್ಲಿ ಪಾಸಾಗಬೇಕು. ನಿಯಮದ ಪುಸ್ತಕ ಇಟ್ಟಿಗೆಯಷ್ಟು ದಪ್ಪ. ಬ್ರೇಕು ಹಿಡಿದರೆ ಎಷ್ಟು ದೂರದಲ್ಲಿ ನಿಲ್ಲಬೇಕು, ಹೆಬ್ಬೆರಳು ತೆಗೆದ ಕೂಡಲೇ ವೇಗದ ಗುಂಡಿ ಹೇಗೆ ತಾನಾಗಿಯೇ ಹಿಂದಕ್ಕೆ ಬರಬೇಕು, ಎಲ್ಲಕ್ಕೂ ಒಂದೊಂದು ಪುಟ. ಎಚ್ಚರಿಕೆಯ ಚೀಟಿ ಉಗುರಿನಿಂದ ಕೆರೆದರೂ ಕಿತ್ತು ಬರಬಾರದು. ಮಗುವಿನ ಪಾದ ಜಾರಿ ಹಿಂದಿನ ಚಕ್ರಕ್ಕೆ ಸಿಗಬಾರದು. ಅದನ್ನು ನೋಡಲೆಂದೇ ಮರದ ಪಾದವೊಂದನ್ನು ಮಾಡಿಸಿಟ್ಟಿದ್ದರು. ಅದು ಮೊಳೆಗೆ ನೇತಾಡುತ್ತಿದ್ದದ್ದನ್ನು ಕಂಡು ಚೋಟಕ್ಕ ಮೊದಲ ದಿನ ಪೊರಕೆ ಬಿಸಾಕಿ ಓಡಿದ್ದಳು. ಎಲ್ಲಕ್ಕಿಂತ ದೊಡ್ಡ ಪರೀಕ್ಷೆ ವೇಗದ್ದು. ಚಿಕ್ಕ ಮಕ್ಕಳ ಗಾಡಿ, ಎಷ್ಟೇ ಕಿವಿ ಹಿಂಡಿದರೂ, ಗಂಟೆಗೆ ಇಪ್ಪತ್ನಾಲ್ಕು ಕಿಲೋಮೀಟರ್ ದಾಟಬಾರದು.

ವೇಗ ಅಳೆಯಬೇಕಾದರೆ ಯಾರಾದರೂ ಓಡಿಸಬೇಕಲ್ಲ. ಮಗುವನ್ನು ಕೂರಿಸುವಂತಿಲ್ಲ ಎನ್ನುತ್ತದೆ ಪುಸ್ತಕ. ಸವಾರರು ದೊಡ್ಡವರೇ ಆಗಿರಬೇಕು, ಆದರೆ ಹೆಲ್ಮೆಟ್ಟು, ಬೂಟು, ಜಾಕೆಟ್ಟು ಎಲ್ಲ ಸೇರಿ ಸರಿಯಾಗಿ ನಲವತ್ತೈದು ಕಿಲೋ ತೂಗಬೇಕು. ಕಡಿಮೆಯಿದ್ದರೆ ಸೀಸದ ಗುಂಡಿನ ಪುಟ್ಟ ಚೀಲಗಳನ್ನು ಸೊಂಟಕ್ಕೆ ಕಟ್ಟಿ ಸರಿಮಾಡಬಹುದು. ಜಾಸ್ತಿಯಿದ್ದರೆ? ಕೊಯ್ದು ತೆಗೆಯಲಾಗುತ್ತದೆಯೇ?

ಕೇಂದ್ರದ ಗಂಡಸರೆಲ್ಲ ಕುರ್ಚಿಯಲ್ಲಿ ಕೂತು ಬಲಿತವರು. ಮೊದಲಿದ್ದ ಸವಾರ ಕಡ್ಡಿಯ ಹಾಗಿದ್ದನಂತೆ. ಮದುವೆಯಾಯಿತು, ಆರು ತಿಂಗಳಲ್ಲಿ ಹೊಟ್ಟೆ ಬಂದು ಅವನ ಕತೆ ಮುಗಿಯಿತು. ಹೊಸಬನಿಗಾಗಿ ಹುಡುಕಿ ಹುಡುಕಿ ಸೋತಿದ್ದ ಇಂಜಿನಿಯರ್ ಒಂದು ಬೆಳಿಗ್ಗೆ, ತನಗಿಂತ ಎತ್ತರದ ಪೊರಕೆ ಹಿಡಿದು ಗುಡಿಸುತ್ತಿದ್ದ ಚೋಟಕ್ಕನನ್ನು ನೋಡುತ್ತಲೇ ನಿಂತುಬಿಟ್ಟ.

"ಚೋಟಕ್ಕ, ಸ್ವಲ್ಪ ಈ ತಕ್ಕಡಿ ಹತ್ತಿ."

"ಯಾಕ್ ಸಾರ್, ಮಾರ್ತೀರಾ?"

ಮೂವತ್ತೊಂಬತ್ತು. ಇಂಜಿನಿಯರ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಸೈಕಲ್ಲನ್ನೂ ತುಳಿದಿರದ, ವಯಸ್ಸು ನಲವತ್ತೈದು ದಾಟಿದ ಹೆಂಗಸನ್ನು ಆವತ್ತೇ ಗಾಡಿಯ ಮೇಲೆ ಕೂರಿಸಿದರು. ಗಾಡಿ ನೆಟ್ಟಗೆ ಹೋಗಿ ಮೈದಾನದಂಚಿನ ಟೈರಿನ ರಾಶಿಗೆ ನುಗ್ಗಿತು. ಟೈರುಗಳ ನಡುವಿನಿಂದ ಬಂದ ಮಾತು ಇಷ್ಟು: "ಹೋಗೋದು ಹೇಗೆ ಅಂತ ತೋರ್ಸಿದ್ರಿ. ನಿಲ್ಲೋದು ಹೇಗೆ ಅಂತ ಯಾರಾದ್ರೂ ಹೇಳಿದ್ರಾ?"

ಒಂದು ವಾರದಲ್ಲಿ ಕಲಿತಳು. ಹನ್ನೊಂದು ವರ್ಷ ಯಾವ ತಂಟೆಯಿಲ್ಲದೆ ಓಡಿಸಿದಳು. ಆ ಕೆಲಸದ ಮೇಲೆ ಅವಳಿಗಿದ್ದ ಆಸೆ ಸುಮ್ಮನೆ ಹುಟ್ಟಿದ್ದಲ್ಲ. ಬಸ್ಸಿನ ಮೆಟ್ಟಿಲು, ಬ್ಯಾಂಕಿನ ಕಿಟಕಿ, ಅಡುಗೆಮನೆಯ ಮೇಲಿನ ಗೂಡು, ಯಾವುದೂ ಅವಳ ಅಳತೆಗೆ ಮಾಡಿದ್ದಲ್ಲ. ಕುರ್ಚಿಯಲ್ಲಿ ಕೂತರೆ ಕಾಲು ನೆಲ ಮುಟ್ಟುತ್ತಿರಲಿಲ್ಲ. ಈ ಗಾಡಿಯ ಮೇಲೆ ಕೂತರೆ ಕಾಲು ಕಾಲಿಡುವ ಕಡೆಗೇ ಬೀಳುತ್ತಿತ್ತು, ಕೈ ಬ್ರೇಕಿನ ಮೇಲೇ ಇರುತ್ತಿತ್ತು. "ನನ್ನನ್ನ ನೋಡ್ಕೊಂಡೇ ಮಾಡಿರೋ ಸಾಮಾನು ಈ ಲೋಕದಲ್ಲಿ ಇದೊಂದೇ ಕಣೋ," ಎಂದು ನನ್ನ ಹತ್ತಿರ ಹೇಳುತ್ತಿದ್ದಳು.

ಕೆಲಸದ ಪದ್ಧತಿ ಹೀಗೆ. ಓಟಕ್ಕೆ ಮೊದಲು ಸವಾರರು ಎಲ್ಲ ತೊಟ್ಟು ಮೂಲೆಯ ತಕ್ಕಡಿ ಹತ್ತಬೇಕು. ಅದು ನೆಲದ ಮೇಲೆ ಕೂರುವ ಹಲಗೆ ತಕ್ಕಡಿ, ಮೇಲೆ ಗಡಿಯಾರದಂಥ ಮುಖ. ಹತ್ತುವಾಗ ಬೀಳಬಾರದೆಂದು ಪಕ್ಕದ ಗೋಡೆಗೆ ಒಂದು ಕಬ್ಬಿಣದ ಕಂಬಿ ಹಾಕಿದ್ದರು. ಇಂಜಿನಿಯರ್ ಮುಳ್ಳು ನೋಡಿ ತೂಕ ಕೂಗಿ ಬರೆದುಕೊಳ್ಳುತ್ತಾನೆ. ಆ ಕಡೆಯಿಂದ ಮೂರು ಓಟ, ಈ ಕಡೆಯಿಂದ ಮೂರು ಓಟ. ಹಾಳೆಯ ಕೆಳಗೆ ಇಬ್ಬರ ಸಹಿ. ಮೇಲೆ ಸೀಲು.

ಭಾರ ಹೆಚ್ಚಾದರೆ ವೇಗ ತುಸು ತಗ್ಗುತ್ತದೆ ಎಂಬುದು ಅಲ್ಲಿ ಟೀ ತರುವವನಿಗೂ ಗೊತ್ತಿದ್ದ ಸಂಗತಿ. ಗಾಡಿ ಕಂಪನಿಯವರಿಗಂತೂ ಚೆನ್ನಾಗಿಯೇ ಗೊತ್ತಿತ್ತು. ಒಬ್ಬ ಮಹಾಶಯ ಒಮ್ಮೆ ತೂಕ ಆದಮೇಲೆ ಓಟಕ್ಕೆ ಮೊದಲು ಬಂದು, "ತುಂಬ ಬಿಸಿಲು ಅಮ್ಮಾ, ನೀರು ಕುಡೀರಿ" ಎಂದು ಎರಡು ಲೀಟರಿನ ಬಾಟಲಿ ಹಿಡಿದು ನಿಂತನಂತೆ. "ಓಟ ಆಗ್ಲಿ ತಮ್ಮಾ," ಎಂದಳಂತೆ ಚೋಟಕ್ಕ, "ಆಮೇಲೂ ನಿನ್ನ ಕರುಣೆ ಉಳಿದಿದ್ರೆ ಕುಡೀತೀನಿ." ಓಟ ಮುಗಿಯುವ ಹೊತ್ತಿಗೆ ಬಾಟಲಿಯೂ ಇರಲಿಲ್ಲ, ಕರುಣೆಯೂ ಇರಲಿಲ್ಲ.

ಇಂಥ ಹೆಂಗಸು ಕೆಟ್ಟದ್ದು ಗಂಡನಿಂದ.

ಅವನು ಲಾರಿ ಡ್ರೈವರ್. ಮೂವತ್ತು ವರ್ಷ ಅವನು ಮನೆಗೆ ಬಂದದ್ದು ಬಟ್ಟೆ ಒಗೆಸಿಕೊಂಡು ಹೋಗಲು ಮಾತ್ರ. ಕಣ್ಣು ಮಂಜಾಗಿ ಲಾರಿ ಬಿಟ್ಟವನು ಖಾಯಂ ಆಗಿ ಮನೆಯಲ್ಲಿ ಕೂತ. ಕೂತವನಿಗೆ ಪಶ್ಚಾತ್ತಾಪ ಶುರುವಾಯಿತು. ಇಂಥ ವಯಸ್ಸಿನಲ್ಲಿ ಗಂಡಸಿಗೆ ಪಶ್ಚಾತ್ತಾಪವಾದರೆ ಕುಡಿಯುತ್ತಾನೆ, ಇಲ್ಲವೇ ಭಜನೆಗೆ ಸೇರುತ್ತಾನೆ. ಇವನು ಅಡುಗೆ ಕಲಿತ. ಫೋನನ್ನು ಉಪ್ಪಿನ ಡಬ್ಬಿಗೆ ಒರಗಿಸಿಕೊಂಡು, ಕನ್ನಡಕ ಹಣೆಗೇರಿಸಿಕೊಂಡು, ಬೆಳಿಗ್ಗೆಯಿಂದ ಬೇಯಿಸಿದ್ದೇ ಬೇಯಿಸಿದ್ದು, ಕರಿದದ್ದೇ ಕರಿದದ್ದು. ಬೆಣ್ಣೆ ಹಾಕುವಾಗ ಅವನ ಕೈ ಲಾರಿಗೆ ಗ್ರೀಸ್ ಹಚ್ಚಿದ ಕೈಯೇ.

"ಸಾಕು ರೀ, ಗಂಟಲಿಗೆ ಬಂತು."

"ಲೇ, ಮೂವತ್ತು ವರ್ಷ ನಿನಗೆ ಒಂದು ಲೋಟ ನೀರು ಕೊಟ್ಟವನಲ್ಲ ನಾನು. ತಿನ್ನೇ."

"ಮೂವತ್ತು ವರ್ಷದ್ದು ಒಂದೇ ವಾರದಲ್ಲಿ ತಿನ್ನಿಸ್ತೀರಾ?"

ತಿನ್ನದಿದ್ದರೆ ಮುಖ ಊದಿಸಿಕೊಂಡು ಕೂರುತ್ತಿದ್ದ. ಅದನ್ನು ನೋಡಲಾರದೆ ತಿಂದಳು. ನಿಜ ಹೇಳಬೇಕೆಂದರೆ, ರುಚಿಯಾಗಿತ್ತು, ಅದಕ್ಕೇ ತಿಂದಳು. ಹುಟ್ಟಿದಾಗಿನಿಂದ ಅವಳಿಗೆ ಯಾರೂ ಬಡಿಸಿ ಹಾಕಿರಲಿಲ್ಲ.

ಜಾಕೆಟ್ಟಿನ ಜಿಪ್ಪು ಮೊದಲು ಸುದ್ದಿ ಕೊಟ್ಟಿತು. ಊಟದ ವಿರಾಮದಲ್ಲಿ ಶೆಡ್ಡಿನಲ್ಲಿ ಯಾರೂ ಇಲ್ಲದಾಗ ಎಲ್ಲ ತೊಟ್ಟು ತಕ್ಕಡಿ ಹತ್ತಿದಳು. ನಲವತ್ತಾರರ ಮೇಲೆ. ಮದುವೆಯಾದ ಹಳೆ ಸವಾರ ನೆನಪಾದ. ತನ್ನ ಅಳತೆಯ ಏಕೈಕ ಸೀಟು ಕೈಬಿಟ್ಟು ಹೋದರೆ ಮತ್ತೆ ಪೊರಕೆ, ಮತ್ತೆ ಎಟುಕದ ಗೂಡುಗಳು. ಮಧ್ಯಾಹ್ನ ಇಂಜಿನಿಯರ್ ಬಂದ. "ಹತ್ತಿ ಚೋಟಕ್ಕ." ಹತ್ತಿದಳು. ಬಲಗೈ ಮಾಮೂಲಿನಂತೆ ಕಂಬಿಯ ಮೇಲಿತ್ತು. ಮಾಮೂಲಿನಂತೆ ಕೈ ತೆಗೆದಳು ಕೂಡ. ಕಿರುಬೆರಳೊಂದು ಮಾತ್ರ ಅಲ್ಲೇ ಉಳಿಯಿತು. ಅದನ್ನು ಒಂದಿಷ್ಟು ಒತ್ತಿದಳು. ಮೈಭಾರದಲ್ಲಿ ಒಂದು ಪಾಲು ಗೋಡೆಗೆ ಹೋಯಿತು, ಮುಳ್ಳು ಇಳಿದು ಬಂದು ನಲವತ್ತೈದರ ಮೇಲೆ ಕೂತಿತು.

"ಸರಿಯಾಗಿ ನಲವತ್ತೈದು," ಎಂದ ಇಂಜಿನಿಯರ್. ಅವನು ಮುಳ್ಳು ನೋಡುವ ಮನುಷ್ಯ. ಬೆರಳು ನೋಡಬೇಕಾದರೆ ಕುಳ್ಳಗಿರಬೇಕು.

ಮೂರು ತಿಂಗಳು, ಹನ್ನೊಂದು ಗಾಡಿ. ಕಿಲೋ ಏರಿದ ಹಾಗೆ ಬೆರಳೂ ಬಲಿಯಿತು. ಗಂಡ ಪ್ರತಿ ಭಾನುವಾರ ಹೊಸದೊಂದು ಕಲಿಯುತ್ತಿದ್ದ.

ಹನ್ನೊಂದನೆಯದು ಕೆಂಪು ಗಾಡಿ. ಕಂಪನಿಯಿಂದ ಟೈ ಕಟ್ಟಿದವನೊಬ್ಬ ಅದರ ಜೊತೆ ಬಂದಿದ್ದ. ಮೂರು ಮತ್ತು ಮೂರು ಆರು ಓಟ ಓಡಿಸಿದಳು. ಸರಾಸರಿ ಇಪ್ಪತ್ಮೂರು ಪಾಯಿಂಟ್ ಎಂಟು. ಟೈ ಕಟ್ಟಿದವನು ಕುಣಿದ. ಇಂಜಿನಿಯರ್, "ಕೂದಲೆಳೆಯಲ್ಲಿ ಪಾಸು. ಸೋಮವಾರ ಸೀಲು ಹಾಕ್ತೀನಿ," ಎಂದ. ಚೋಟಕ್ಕ ಸಹಿ ಹಾಕಿದಳು. ಹಾಕುವಾಗ ಕೈ ಒಂದು ಗಳಿಗೆ ನಿಂತಿತಂತೆ. ಹನ್ನೊಂದು ವರ್ಷದಲ್ಲಿ ಅವಳ ಹೊಟ್ಟೆಗೆ ಇಪ್ಪತ್ನಾಲ್ಕು ಅಂದರೆ ಎಷ್ಟು ಎಂದು ಗೊತ್ತಾಗಿಬಿಟ್ಟಿತ್ತು. ಈ ಗಾಡಿ ಬಲವಂತಕ್ಕೆ ನಿಧಾನ ಹೋದಂತಿತ್ತು, ಕಟ್ಟಿಹಾಕಿದ ನಾಯಿಯ ಹಾಗೆ. ಕಟ್ಟಿಹಾಕಿದ್ದು ಏನು ಎಂದು ಅವಳು ಆವತ್ತು ಯೋಚಿಸಲಿಲ್ಲ. ಯೋಚಿಸಬಾರದು ಎಂದುಕೊಂಡದ್ದನ್ನು ಯೋಚಿಸದಿರುವುದರಲ್ಲಿ ನಾವೆಲ್ಲ ಗಟ್ಟಿಗರೇ.

ಭಾನುವಾರ ಮಧ್ಯಾಹ್ನ ಗಂಡ ಕೇಕು ಮಾಡುತ್ತಿದ್ದ. ಅದಕ್ಕೆಂದೇ ಅಂಗೈ ಅಗಲದ ತಕ್ಕಡಿಯೊಂದನ್ನು ತಂದಿದ್ದ. ಅದರ ಮೇಲೆ ಬಟ್ಟಲಿಟ್ಟು ಹಿಟ್ಟು ಸುರಿಯುತ್ತಿದ್ದ. ಬಟ್ಟಲು ಜಾರದಿರಲೆಂದು ಅಂಚಿಗೆ ಒಂದು ಬೆರಳು ಆನಿಸಿಕೊಂಡಿದ್ದ.

"ಬೆರಳು ತೆಗೀರಿ!" ಎಂದಳು ಚೋಟಕ್ಕ. ಮನೆಗೆ ಕೇಳುವ ದನಿಯಲ್ಲ ಅದು, ಗೇಟಿಗೆ ಕೇಳುವ ದನಿ. ಪಕ್ಕದ ಮನೆಯ ಕಿಟಕಿ ತೆರೆಯಿತು.

ಡ್ರೈವರ್ ಬೆಚ್ಚಿಬಿದ್ದು ಅರ್ಧ ಹಿಟ್ಟು ನೆಲಕ್ಕೆ ಚೆಲ್ಲಿದ. "ಅಯ್ಯೋ, ಒಂದು ಬೆರಳಿಗೆ ಏನ್ ಮಹಾ ತೂಕ ಇರುತ್ತೇ?"

ಚೋಟಕ್ಕ ಗೋಡೆಗೊರಗಿ ಕೂತುಬಿಟ್ಟಳು. ಆ ಮಾತು ಎಲ್ಲಿ ಕೇಳಿದ್ದು ಎಂದು ಹುಡುಕಬೇಕಾಗಿರಲಿಲ್ಲ. ತನ್ನ ಬಲಗೈಯ ಕಿರುಬೆರಳನ್ನು ಕಣ್ಣ ಮುಂದೆ ಹಿಡಿದು ನೋಡಿದಳು. ಗಂಡ ಗಾಬರಿಯಾಗಿ, "ಸುಟ್ಕೊಂಡ್ಯಾ?" ಎಂದ.

"ಹೂಂ," ಎಂದಳು. "ಮೂರು ತಿಂಗಳಾಯ್ತು."

ಸೋಮವಾರ ಬೆಳಿಗ್ಗೆ ಅವಳು ಹೋಗುವ ಹೊತ್ತಿಗೆ ಟೈ ಕಟ್ಟಿದವನು ಆಗಲೇ ಬಂದು ಕೂತಿದ್ದ. ಮೇಜಿನ ಮೇಲೆ ಒಂದು ಸಿಹಿ ಡಬ್ಬಿ, ಒಂದು ಸುರುಳಿ ಕಾಗದ. ಸುರುಳಿ ಬಿಚ್ಚಿ ತೋರಿಸಿದ: ಜಾಹೀರಾತು. ಕೆಂಪು ಗಾಡಿಯ ಮೇಲೆ ಎರಡು ಜಡೆ ಹಾಕಿದ, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ನಗುತ್ತಿದ್ದಳು. ಇಂಜಿನಿಯರ್ ಸೀಲಿಗೆ ಶಾಯಿ ಒತ್ತುತ್ತಿದ್ದ.

ಚೋಟಕ್ಕ ನೇರ ಮೂಲೆಗೆ ಹೋದಳು. ಬೂಟು, ಜಾಕೆಟ್ಟು, ಹೆಲ್ಮೆಟ್ಟು ಹಾಕಿಕೊಂಡು ತಕ್ಕಡಿ ಹತ್ತಿ, ಪೊಲೀಸರಿಗೆ ಶರಣಾಗುವವಳ ಹಾಗೆ ಎರಡೂ ಕೈ ಮೇಲೆತ್ತಿದಳು.

"ನೋಡಿ ಸಾರ್."

ಇಂಜಿನಿಯರ್ ನೋಡಿದ. ಕನ್ನಡಕ ಒರೆಸಿ ಮತ್ತೆ ನೋಡಿದ. ನಲವತ್ತೇಳೂವರೆ.

"ತಕ್ಕಡಿ ಕೆಟ್ಟಿದೆ."

"ತಕ್ಕಡಿ ಕೆಟ್ಟಿಲ್ಲ ಸಾರ್. ನಾನು ಕೆಟ್ಟಿದ್ದೀನಿ." ಒಂದು ಕೈ ಇಳಿಸಿ ಕಿರುಬೆರಳನ್ನು ಕಂಬಿಯ ಮೇಲೆ ಒತ್ತಿದಳು. ಮುಳ್ಳು ಇಳಿದು ಬಂದು ನಲವತ್ತೈದರಲ್ಲಿ ನಿಂತಿತು. ಬೆರಳು ಎತ್ತಿದಳು, ನಲವತ್ತೇಳೂವರೆ. ಒತ್ತಿದಳು, ನಲವತ್ತೈದು. ಮೂರು ಸಲ ಮಾಡಿ ತೋರಿಸಿದಳು. ಇಂಜಿನಿಯರ್ ಮುಖದಲ್ಲಿ ರಕ್ತವೂ ಅದೇ ತಾಳಕ್ಕೆ ಏರಿ ಇಳಿಯಿತು.

"ಎಷ್ಟು ದಿನದಿಂದ?"

"ಹನ್ನೊಂದು ಗಾಡಿಯಿಂದ."

"ಅಯ್ಯೋ ಚೋಟಕ್ಕ! ಹನ್ನೊಂದಕ್ಕೂ ನನ್ನ ಸಹಿ ಇದೆ!"

"ನನ್ನದೂ ಇದೆ. ನಿಮ್ಮದರ ಪಕ್ಕದಲ್ಲೇ."

ಟೈ ಕಟ್ಟಿದವನಿಗೆ ಈಗ ಅರ್ಥವಾಯಿತು. ಎದ್ದು ಬಂದ. "ಒಂದು ನಿಮಿಷ. ಈ ಅಜ್ಜಿ ದಪ್ಪಗಾದ್ರೆ ನಮ್ಮ ಗಾಡಿ ಹೇಗೆ ಫೇಲಾಗುತ್ತೆ?"

"ಫೇಲು ಅಂತ ನಾನೆಲ್ಲಿ ಅಂದೆ? ಸರಿಯಾದ ತೂಕದಲ್ಲಿ ಇನ್ನೊಂದ್ಸಲ ಓಡ್ಸಿ ನೋಡೋಣ ಅಂತಿದ್ದೀನಿ."

"ಎರಡೂವರೆ ಕಿಲೋಗೆ ಎಷ್ಟು ವ್ಯತ್ಯಾಸ ಆಗಬಹುದು? ಒಂದು ಚೂರು. ಮಕ್ಕಳಿಗೆ ಅದು ಗೊತ್ತೂ ಆಗಲ್ಲ."

"ಮಕ್ಕಳಿಗೆ ಗೊತ್ತಾಗಲ್ಲಪ್ಪ. ದಾರೀಲಿರೋ ಕಲ್ಲಿಗೆ ಗೊತ್ತಾಗುತ್ತೆ." ಜಾಹೀರಾತಿನ ಕಡೆ ಕೈ ತೋರಿಸಿದಳು. "ಆ ಮಗೂಗೆ ಆಗಲೇ ಎರಡು ಹಲ್ಲಿಲ್ಲ."

ಇಂಜಿನಿಯರ್ ಕೆಟ್ಟವನಲ್ಲ, ಹೆದರುವವನು. ಹೆದರುವವರು ಕೆಟ್ಟವರಿಗಿಂತ ಹೆಚ್ಚು ಸೀಲು ಹಾಕುತ್ತಾರೆ. "ನೋಡಿ ಚೋಟಕ್ಕ, ಇದೊಂದು ಹೋಗಲಿ. ಇನ್ನು ಮುಂದೆ ಸರಿಮಾಡ್ಕೊಳ್ಳೋಣ. ಇಳೀರಿ ಮೊದಲು," ಎಂದ ಮೆಲ್ಲಗೆ.

"ಇಳಿಯಲ್ಲ," ಎಂದು ಚೋಟಕ್ಕ ತಕ್ಕಡಿಯ ಹಲಗೆಯ ಮೇಲೇ ಚಕ್ಕಳಮಕ್ಕಳ ಹಾಕಿ ಕೂತಳು, ಹೆಲ್ಮೆಟ್ಟಿನ ಸಮೇತ.

ನನಗೆ ಫೋನು ಬಂದದ್ದು ಆಗ. "ಧರಣಿ ಕೂತಿದ್ದೀನಿ ಕಣೋ," ಎಂದಳು.

"ಯಾರ ವಿರುದ್ಧ?"

"ನನ್ನ ವಿರುದ್ಧ."

ಐವತ್ತು ವರ್ಷದಲ್ಲಿ ನಾನು ಎಂತೆಂಥ ಧರಣಿ ಕಂಡಿದ್ದೇನೆ, ಇಂಥದ್ದು ಕಂಡಿರಲಿಲ್ಲ. ಬಸ್ಸು ಹಿಡಿದು ಹೋದೆ. ಹೋಗುವಷ್ಟರಲ್ಲಿ ಶೆಡ್ಡಿನ ಬಾಗಿಲಲ್ಲಿ ಗಾಡಿ ಹೊತ್ತ ಲಾರಿಗಳು ಸಾಲುಗಟ್ಟಿದ್ದವು. ಯಾವ ಗಾಡಿಯನ್ನೇ ಪರೀಕ್ಷೆಗೆ ತೆಗೆದುಕೊಳ್ಳಲಿ, ಮೊದಲು ಅದೇ ತಕ್ಕಡಿಯಲ್ಲಿ ತೂಗಬೇಕು. ಇಡೀ ಕೇಂದ್ರಕ್ಕೆ ಇದ್ದದ್ದು ಅದೊಂದೇ ತಕ್ಕಡಿ, ಅದರ ಮೇಲೆ ಚೋಟಕ್ಕ. ಮೇಲಿನ ದೊಡ್ಡ ಮುಖದಲ್ಲಿ ಮುಳ್ಳು ನಲವತ್ತೇಳೂವರೆಗೆ ಸೆಟೆದು ನಿಂತು ಬಂದವರಿಗೆಲ್ಲ ಅವಳ ತಪ್ಪನ್ನು ತೋರಿಸುತ್ತಿತ್ತು. ಗೇಟಿನ ಮುಂದೆ ಕೂರುವುದಕ್ಕಿಂತ ಜಾಗ ಆರಿಸಿ ಕೂರುವುದು ಮುಖ್ಯ ಎಂದು ನಾವು ಪಾಠ ಹೇಳಿಕೊಡುತ್ತಿದ್ದೆವು, ಕಲಿತವಳು ಇವಳೊಬ್ಬಳು.

ಇಂಜಿನಿಯರ್ ಮಧ್ಯಾಹ್ನ ಬಂದು ನಯವಾಗಿ, "ಊಟಕ್ಕಾದ್ರೂ ಏಳಿ," ಎಂದ.

"ಊಟದಿಂದಾನೇ ಸಾರ್ ಇಷ್ಟೆಲ್ಲ ಆಗಿದ್ದು."

ಟೈ ಕಟ್ಟಿದವನು ಸಿಹಿ ಡಬ್ಬಿ ತೆರೆದು ಮುಂದೆ ಹಿಡಿದ. ಅವಳು ಡಬ್ಬಿಯನ್ನೂ ಅವನನ್ನೂ ಒಂದೇ ಥರ ನೋಡಿದಳು. ಅವನು ಮುಚ್ಚಳ ಹಾಕಿದ.

ನಾಲ್ಕು ಗಂಟೆಗೆ ಹೊರಗಿನ ಸಾಲಿನಲ್ಲಿದ್ದ ಕಂಪನಿಗಳ ಡ್ರೈವರುಗಳು ಹಾರ್ನು ಹೊಡೆಯಲು ಶುರುಮಾಡಿದರು. ಇಂಜಿನಿಯರ್ ಒಳಗೆ ಹೋದ. ಹನ್ನೊಂದು ಹಾಳೆ ತಂದು, ಅವಳ ಕಣ್ಣೆದುರಿಗೇ ಒಂದೊಂದರ ಮೇಲೂ ಅಡ್ಡಗೆರೆ ಎಳೆದು "ಮರುಪರೀಕ್ಷೆ" ಎಂದು ಬರೆದ. ಗೆರೆ ಸೊಟ್ಟಗಿತ್ತು. ಆದರೂ ಎಳೆದ.

"ಹತ್ತು ದಿನ ಟೈಮು," ಎಂದ. "ಅಷ್ಟರಲ್ಲಿ ನೀವು ನಲವತ್ತೈದಕ್ಕೆ ಬರದಿದ್ರೆ ಬೇರೆ ಸವಾರರನ್ನ ನೋಡ್ತೀನಿ. ಬಂದ್ರೂ, ಈ ಮರುಪರೀಕ್ಷೆ ಮುಗಿದ್ಮೇಲೆ ಒಂದು ತಿಂಗಳು ಪೊರಕೆ. ಮೆಮೋ ಕೂಡ ಕೊಡ್ತೀನಿ."

"ಕೊಡಿ," ಎಂದು ಚೋಟಕ್ಕ ಇಳಿದಳು. ಕಾಲು ಜೋಮು ಹಿಡಿದಿತ್ತು. ಕಂಬಿ ಹಿಡಿಯಲು ಕೈ ಚಾಚಿದವಳು, ನೆನಪಾಗಿ, ನನ್ನ ಭುಜ ಹಿಡಿದುಕೊಂಡಳು.

ಆ ಹತ್ತು ದಿನ ಅವರ ಮನೆಯಲ್ಲಿ ಸೂತಕದ ಕಳೆ. ಡ್ರೈವರ್ ಒಲೆಯ ಮುಂದೆ ನಿಂತು ಉಪ್ಪಿಲ್ಲದ ಸೊಪ್ಪು ತರಕಾರಿ ಬೇಯಿಸುತ್ತ ಮೂಗು ಒರೆಸಿಕೊಳ್ಳುತ್ತಿದ್ದ. "ಇದು ಅಡುಗೆಯಾ? ಇದನ್ನ ದನ ಕೂಡ ಇಷ್ಟಪಟ್ಟು ತಿನ್ನಲ್ಲ."

"ಹಾಕ್ರಿ ಸುಮ್ನೆ."

"ನೀನು ಆಗ ಗೋದಾಮಿನ ಮುಂದೆ ಉಪವಾಸ ಕೂತಾಗ ನಾನು ಊರಲ್ಲಿ ಇರ್ಲಿಲ್ಲ. ಈಗ ಕಣ್ಣಾರೆ ನೋಡೋ ಹಾಗಾಯ್ತು."

"ಆಗ ಐದು ಕಿಲೋ ಇಳಿದಿದ್ದೆ. ಮಾಲೀಕ ಒಂದು ಗ್ರಾಮೂ ಇಳೀಲಿಲ್ಲ. ಈ ಸಲ ಕೆಲಸಕ್ಕೆ ಬರೋ ಉಪವಾಸ."

ಅಡುಗೆ ಮಾಡದೆ ಅವನ ಕೈ ಸುಮ್ಮನಿರಲಿಲ್ಲ. ಕರಿದದ್ದು, ಸಿಹಿ ಎಲ್ಲ ಮಾಡಿ ಕ್ಯಾರಿಯರಿಗೆ ತುಂಬಿ ಶೆಡ್ಡಿಗೆ ಒಯ್ದು, "ನಮ್ಮನೇವಳ ಮೇಲೆ ಕೋಪ ಇಟ್ಕೋಬೇಡಿ ಸಾರ್," ಎಂದು ಇಂಜಿನಿಯರ್ ಮುಂದಿಟ್ಟು ಬರುತ್ತಿದ್ದ.

ಇಂಜಿನಿಯರ್ ಇತ್ತ ಬೇರೆ ಸವಾರನನ್ನೂ ಹುಡುಕದೆ ಬಿಡಲಿಲ್ಲ. ನಲವತ್ತು ಕಿಲೋದ ಒಬ್ಬ ಸಿಕ್ಕ. ಆದರೆ ಬಿದಿರು ಬೊಂಬಿನಂತೆ ಉದ್ದ. ಗಾಡಿಯ ಮೇಲೆ ಕೂತರೆ ಮೊಣಕಾಲು ಕಿವಿಗೆ ಬರುತ್ತಿತ್ತು. ಹ್ಯಾಂಡಲ್ಲು ತಿರುಗಿಸಲು ಹೋದರೆ ಮೊಣಕಾಲು ಅಡ್ಡ. ತಿರುಗಿಸಲಾಗದೆ ನೆಟ್ಟಗೆ ಹೋಗಿ ಅದೇ ಟೈರಿನ ರಾಶಿ ಸೇರಿದ. ಆ ರಾಶಿಯನ್ನು ಜೋಡಿಸಿದ್ದು ಚೋಟಕ್ಕ. ಪಾಪ, ಮೆತ್ತಗೇ ಜೋಡಿಸಿದ್ದಳು.

ಹತ್ತನೆಯ ದಿನ ಶೆಡ್ಡಿನವರೆಲ್ಲ ತಕ್ಕಡಿಯ ಸುತ್ತ ನೆರೆದರು. ಚೋಟಕ್ಕ ಹತ್ತಿ ಎರಡೂ ಕೈ ಎತ್ತಿದಳು. ಮುಳ್ಳು ಓಲಾಡಿ ನಿಂತಿತು. ನಲವತ್ನಾಲ್ಕು ಮುಕ್ಕಾಲು.

"ಕಾಲು ಕಿಲೋ ಕಮ್ಮಿ," ಎಂದ ಇಂಜಿನಿಯರ್.

"ಹಾಗಾದ್ರೆ ಕಟ್ಟಿ ಸಾರ್ ಒಂದು ಚೀಲ," ಎಂದಳು. ಸೀಸದ ಆ ಪುಟ್ಟ ಚೀಲವನ್ನು ಸೊಂಟಕ್ಕೆ ಕಟ್ಟಿಸಿಕೊಳ್ಳುವಾಗ ಅವಳ ಮುಖ ನೋಡಬೇಕಿತ್ತು. ಚಿನ್ನದ ಡಾಬು ಕಟ್ಟಿದರೂ ಅಷ್ಟು ಬೀಗುತ್ತಿರಲಿಲ್ಲ.

ಆ ಕಡೆಯಿಂದ ಮೂರು, ಈ ಕಡೆಯಿಂದ ಮೂರು. ಕೆಂಪು ಗಾಡಿ ಈ ಸಲ ಕಟ್ಟು ಬಿಚ್ಚಿದ ನಾಯಿ. ಇಪ್ಪತ್ನಾಲ್ಕು ಪಾಯಿಂಟ್ ಮೂರು.

ಟೈ ಕಟ್ಟಿದವನು ಟೈ ಸಡಿಲಿಸಿದ. "ಪಾಯಿಂಟ್ ಮೂರು ತಾನೇ," ಎಂದು ಬಾಯಿ ತೆರೆದವನು ಚೋಟಕ್ಕ ತಕ್ಕಡಿಯ ಕಡೆ ಒಂದು ಹೆಜ್ಜೆ ಇಟ್ಟದ್ದನ್ನು ಕಂಡು ಬಾಯಿ ಮುಚ್ಚಿದ. ಗಾಡಿಯನ್ನು ಲಾರಿಗೆ ಹತ್ತಿಸಿಕೊಂಡು ಹೋದ. ಮೂರು ವಾರದ ಮೇಲೆ ಎಂಜಿನ್ನಿಗೆ ಕಡಿವಾಣ ಬಿಗಿಸಿ ತಂದ, ಇಪ್ಪತ್ತೆರಡಕ್ಕೆ ಪಾಸಾಯಿತು. ಜಾಹೀರಾತಿನ ಹುಡುಗಿಗೆ ಅಷ್ಟರಲ್ಲಿ ಹಲ್ಲು ಮೂಡಿರಬೇಕು.

ಉಳಿದ ಹತ್ತು ಗಾಡಿಗಳು ಮರುಪರೀಕ್ಷೆಯಲ್ಲೂ ಪಾಸೇ ಆದವು. "ನೋಡಿದ್ರಾ, ಸುಮ್ಮನೆ ಇಷ್ಟೆಲ್ಲ ರಾದ್ಧಾಂತ," ಎಂದು ಇಂಜಿನಿಯರ್ ಗೊಣಗಿದ. "ಪಾಸಾಗಿದೆ ಅಂತ ಓಡಿಸಿದ್ಮೇಲೆ ತಾನೇ ಗೊತ್ತಾಗಿದ್ದು," ಎಂದಳು ಇವಳು. ಆಮೇಲೆ ಒಪ್ಪಿಕೊಂಡಂತೆ ಒಂದು ತಿಂಗಳು ಪೊರಕೆ ಹಿಡಿದಳು. ಮೆಮೋ ಬಂತು. ನಮ್ಮ ಜೊತೆ ಜೈಲಿಗೆ ಹೋಗಿದ್ದಾಗ ಕೊಟ್ಟ ಬಿಡುಗಡೆ ಚೀಟಿಯ ಜೊತೆ ಅದನ್ನೂ ಟ್ರಂಕಿನಲ್ಲಿಟ್ಟಿದ್ದಾಳೆ. ಅವಳಲ್ಲಿರುವ ದಾಖಲೆಗಳು ಅವೆರಡೇ. ಒಂದು ಬೇರೆಯವರ ತಪ್ಪಿಗೆ ಸಿಕ್ಕಿದ್ದು, ಒಂದು ತನ್ನ ತಪ್ಪಿಗೆ.

ಗೋಡೆಯ ಕಂಬಿಯನ್ನು ಅವಳೇ ಹಠ ಹಿಡಿದು ಕೊಯ್ಯಿಸಿ ತೆಗೆಸಿದಳು. "ಯಾರಾದ್ರೂ ಬಿದ್ರೆ?" ಎಂದ ಇಂಜಿನಿಯರ್. "ಬಿದ್ದವರು ಏಳ್ತಾರೆ," ಎಂದಳು. ಅಲ್ಲಿಗೇ ಬಿಡದೆ, ಕೇಂದ್ರದ ಕೆಲಸದ ಕ್ರಮದಲ್ಲಿ ಒಂದು ಸಾಲು ಸೇರಿಸಿದರು: ತೂಕದ ವೇಳೆ ಸವಾರರು ಎರಡೂ ಕೈಗಳನ್ನು ತಲೆಯ ಮೇಲಕ್ಕೆ ಎತ್ತಿರತಕ್ಕದ್ದು. ಹೊಸದಾಗಿ ಬಂದವರು ಅದೇನೋ ದೊಡ್ಡ ವೈಜ್ಞಾನಿಕ ಕಾರಣವಿರಬೇಕೆಂದು ತಲೆದೂಗುತ್ತಾರೆ.

ಮೊನ್ನೆ ಹೋಗಿದ್ದೆ. ಚೋಟಕ್ಕ ಹಸಿರು ಗಾಡಿಯೊಂದನ್ನು ಓಡಿಸಿ ಬಂದು ಹೆಲ್ಮೆಟ್ಟು ತೆಗೆಯುತ್ತಿದ್ದಳು. ಡ್ರೈವರ್ ನಾಲ್ಕಂತಸ್ತಿನ ಕ್ಯಾರಿಯರ್ ಹಿಡಿದು ಬಂದ. ಅವಳ ಪಾಲಿಗೆ ಬಂದದ್ದು ಎಲ್ಲಕ್ಕಿಂತ ಮೇಲಿನ ಸಣ್ಣ ಡಬ್ಬಿ, ಬೇಯಿಸಿದ ತರಕಾರಿ. ಉಳಿದ ಮೂರು ನೇರ ಇಂಜಿನಿಯರ್ ಮೇಜಿಗೆ ಹೋದವು. ಆ ಮನುಷ್ಯನ ಬೆಲ್ಟಿಗೆ ಈಗ ಹೊಸ ತೂತು ಬಿದ್ದಿದೆ. ಕೂತಾಗ ಅಂಗಿಯ ಎರಡು ಗುಂಡಿಗಳ ನಡುವೆ ಬನಿಯನ್ನು ಇಣುಕುತ್ತದೆ.

"ಸಾಹೇಬರನ್ನ ಒಂದ್ಸಲ ತಕ್ಕಡಿಗೆ ಹತ್ತಿಸಬಾರದೇನೇ?" ಎಂದೆ ಚೋಟಕ್ಕನಿಗೆ.

"ಅವರನ್ನ ತೂಗಬೇಕು ಅಂತ ಪುಸ್ತಕದಲ್ಲಿ ಬರೆದಿಲ್ಲ ಕಣೋ," ಎಂದಳು ಕ್ಯಾರೆಟ್ಟು ಅಗಿಯುತ್ತ. "ಹುಡುಕಿದೆ. ಎರಡು ಸಲ ಓದಿದೆ."